ಸೂರೋ, ನೆಲವೋ

ಕೇಳುವ ಪ್ರಶ್ನೆ ಒಂದೇ: ಸೂರೋ, ನೆಲವೋ?
ಔಲು ಊರಿನ ಈ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷದಿಂದ
ನಾನು ಬೇರೇನೂ ಕೇಳಿದ್ದಿಲ್ಲ.

ಯಾರೋ ಕೊಟ್ಟ ಚರ್ಮದ ಚೂರನ್ನು
ಉಪ್ಪುನೀರಲ್ಲಿ ಇರುಳಿಡೀ ನೆನೆಹಾಕುತ್ತೇವೆ.
ನಮ್ಮ ಕೊಲ್ಲಿಯ ನೀರು ಚಪ್ಪೆ, ಅದರಿಂದ ಆಗದ ಕೆಲಸ.
ಬೆಳಗ್ಗೆ ಚರ್ಮ ತಾನೇ ಎರಡಾಗಿರುತ್ತದೆ:
ಮೇಲೊಂದು ಸೂರು, ಕೆಳಗೊಂದು ನೆಲ,
ನಡುವೆ ಯಾರೂ ಬಾಳದ ಬಯಲು.

ಇವತ್ತಿನ ರಕ್ತ: ಗಂಡಸು, ಎಂಬತ್ತೊಂದು.
ಮೂರು ತಿಂಗಳು ಬರೀ ತುರಿಕೆ, ಆಮೇಲೆ ಬಿಗಿದ ನೀರುಗುಳ್ಳೆ
ತೊಡೆಗೆ, ಹೊಟ್ಟೆಗೆ. ಬಾಯಿ ಚೊಕ್ಕ.
ಚೀಟಿಯ ಅಂಚಿನಲ್ಲಿ, ಯಾವ ಕಲಮೂ ಕೇಳದಿದ್ದರೂ,
ಡಾಕ್ಟರ್ ಪುಲ್ಲಿನೆನ್ ಬರೆದಿದ್ದಾಳೆ:
ದೋಣಿ ಕಟ್ಟುತ್ತಿದ್ದವರು.

ನನಗೆ ದೋಣಿ ತಿಳಿಯದು. ಮೊಳೆ ತಿಳಿದೀತು.
ಮೇಲುಚರ್ಮವನ್ನು ಒಳಚರ್ಮಕ್ಕೆ ಜಡಿದ ಮೊಳೆಗಳಲ್ಲಿ
ಒಂದಕ್ಕೆ ಹೆಸರು ಹದಿನೇಳನೆಯ ಕೊಲ್ಯಾಜೆನ್.
ತಲೆ ಜೀವಕೋಶದೊಳಗೆ, ಮೊನೆ ಕೆಳಗಿನ ಕತ್ತಲಲ್ಲಿ.
ತಲೆಯ ಬುಡಕ್ಕೇ, ಕುತ್ತಿಗೆಯ ಹತ್ತಿರ,
ಎಪ್ಪತ್ತು ಚಿಲ್ಲರೆ ಮಣಿ ಪೋಣಿಸಿದಷ್ಟು ಜಾಗ.
ಇಡೀ ಮೈ ಬಿಟ್ಟು ಅಲ್ಲಿಗೇ ಯಾಕೆ ಬಿತ್ತು ಕಣ್ಣು?

ಬೇಲಿಯೇ ಎದ್ದು ಹೊಲ ಮೇಯಿತು ಅನ್ನಬಹುದು.
ಅನ್ನುವುದು ಸುಲಭ. ಬೇಲಿಗೆಲ್ಲಿಯ ಹಸಿವು?
ಎಂಬತ್ತು ವರ್ಷ ನೆಟ್ಟಗೆ ಕಾದು ನಿಂತದ್ದು
ಒಂದು ದಿನ ಮನೆಯ ಮೊಳೆಯನ್ನೇ
ಕಳ್ಳನ ಬೆರಳೆಂದು ಓದಿಕೊಂಡಿತು.

ದೀಪ ಆರಿಸಿದೆ.
ಹಸಿರು.
ಒಂದೇ ಎಳೆ, ಸೂರಿನ ಅಡಿಗೆ ಅಂಟಿಕೊಂಡು.
ನೆಲವಾಗಿದ್ದರೆ ಬೇರೆ ಹೆಸರು, ಕಲೆ ಉಳಿಸುವ ಗಾಯ.
ಗುರುತಿಲ್ಲದ ಹೆಂಗಸೊಬ್ಬಳ ಚರ್ಮದಲ್ಲೂ
ಮುದುಕನ ರಕ್ತ ಅದೇ ಮೊಳೆಯನ್ನು ತಡಕಿ ಹಿಡಿದಿತ್ತು.
ತಪ್ಪಿನಲ್ಲೂ ಎಂಥ ನಿಷ್ಠೆ.

ಸೂರು ಎಂದು ಬರೆದು ವಾರ್ಡಿಗೆ ಫೋನ್ ಮಾಡಿದೆ.
ನರ್ಸ್ ಮೆರ್ವಿಗೆ ಮಾತು ಬೇಕಿತ್ತು:
ಹೆಂಡತಿ ಹಿಲ್ಯಾ ದಿನಾ ಸಂಜೆ ಬರುತ್ತಾಳಂತೆ,
ಮುಲಾಮಿನ ಟ್ಯೂಬನ್ನು ಯಾರ ಕೈಗೂ ಕೊಡಳಂತೆ.
ಕುತ್ತಿಗೆಯಿಂದ ಹಿಮ್ಮಡಿಯವರೆಗೆ, ಒಂದೇ ದಿಕ್ಕಿಗೆ,
ಮಗುಚಿ ಹಾಕಿದ ದೋಣಿಗೆ ಟಾರು ಬಳಿದ ಹಾಗೆ.
ಅವನು ದಿಂಬಿಗೆ ಮುಖ ಒತ್ತಿ ಗೊಣಗುತ್ತಾನಂತೆ:
ಅಲ್ಲಿ ಬಿಟ್ಟೆ. ಆ ಸಂದಿ ಬಿಟ್ಟೆ. ನೀರು ಬರುತ್ತೆ ನೋಡು.

ಬೆಳಕಿಗೆ ಹಿಡಿದಷ್ಟೂ ಹಸಿರು ಮಾಸುತ್ತದೆ,
ಅದಕ್ಕೇ ಬೇಗ ಫೋಟೋ ತೆಗೆದುಕೊಂಡೆ.
ಮುಂದಿನ ಗಾಜು: ಹೆಂಗಸು, ನಲವತ್ತಾರು.
ಚೀಟಿಯ ಅಂಚು ಖಾಲಿ.