ಲೋಟದ ನೀರು

ಅರಸೀಕೆರೆ ಸ್ಟೇಷನ್ನಿನ ಎದುರು ಸಾಲಿನಲ್ಲಿ
ಝೆರಾಕ್ಸು, ಲ್ಯಾಮಿನೇಷನ್ನು, ಕೆಟ್ಟ ಫೈಲುಗಳ ರಿಪೇರಿ
ಎಂದು ನಾನೇ ಬರೆದ ಬೋರ್ಡಿನ ಕೆಳಗೆ
ಇಂದ್ರಮ್ಮ ಬಂದು ಪೆನ್‌ಡ್ರೈವ್ ಇಟ್ಟರು.
ಕಿವಿ ಮುಟ್ಟಿ, ಕೈ ಅಲ್ಲಾಡಿಸಿ,
ಹಳೇ ಬಿಲ್ಲಿನ ಬೆನ್ನಿಗೆ ಬರೆದರು:
'ತಂಗಿ ವಿಡಿಯೋ. ಚಿತ್ರ ಬರಲ್ಲ.
ಸೌಂಡ್ ಬೇಡ. ಕೈ ಬೇಕು.'

ಒತ್ತಿದೆ. ಹಸಿರು.
ಗದ್ದೆಯ ಹಸಿರಲ್ಲ, ಚೌಕ ಚೌಕ,
ಪಾಚಿ ಕಟ್ಟಿದ ಕಲ್ಯಾಣಿಯೊಳಗೆ
ಯಾರೋ ಮುಳುಗೇಳುತ್ತಿರುವ ಹಾಗೆ
ಒಂದು ಬೆರಳು, ಅರ್ಧ ಬಳೆ, ಮತ್ತೆ ಪಾಚಿ.
ಧ್ವನಿ ಮಾತ್ರ ಗಂಟೆ ಹೊಡೆದಷ್ಟು ಸ್ಪಷ್ಟ.
ಬೇಡವೆಂದದ್ದು ನೆಟ್ಟಗಿತ್ತು.

ಪ್ಲೇಯರ್ ಬದಲಿಸಿದೆ, ಕಿತ್ತಳೆ ಟೋಪಿಯದು, ಆಮೇಲೆ ಇನ್ನೊಂದು.
ಕೋಡೆಕ್ ಪ್ಯಾಕು ಹಾಕಿದೆ; ಅದು ತನ್ನ ಜೊತೆ
ಮೂರು ಜಾಹೀರಾತು ಕರಕೊಂಡು ಬಂತು.
ಕ್ಯಾಶೆ ಮುನ್ನೂರಿದ್ದದ್ದು ಮೂರು ಸಾವಿರ:
ಸ್ವಲ್ಪ ಕೂಡಿಟ್ಟುಕೊಂಡು ಆಡಪ್ಪ,
ಬಂದದ್ದನ್ನೆಲ್ಲ ಬಂದಂತೆ ಖರ್ಚು ಮಾಡಬೇಡ.
ಹೆಸರಿನ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದೆ.
ಹಸಿರು ನೇರಳೆಯಾಯಿತು. ಅಷ್ಟೇ ಪ್ರಗತಿ.

ಇಷ್ಟರಲ್ಲಿ ಧ್ವನಿ ಏಳು ಸಲ ಓಡಿ ಮುಗಿದಿತ್ತು.
ಕುಕ್ಕರಿನ ಸೀಟಿ, ಯಾವುದೋ ಮಗುವಿನ ಕೆಮ್ಮು,
ಆಮೇಲೆ ಫೋನು ಹಿಡಿದವನು ಪಕ್ಕದವನಿಗೆ:
'ಬಾಯಿಲ್ಲದ್ದಕ್ಕೇ ಮಾತು ಜಾಸ್ತಿ ನೋಡು,
ಈ ಮೂಗಿ ಕೈ ನಿಲ್ಲಿಸೋ ಹೊತ್ತಿಗೆ ನನ್ನ ಚಾರ್ಜು ಖಾಲಿ.'
ಇಬ್ಬರ ನಗು. ಏಳು ಸಲ.
ಎಂಟನೆಯದಕ್ಕೆ ಸ್ಪೀಕರಿನ ಗುಂಡಿ ತಿರುಗಿಸಿದೆ,
ಕೇಳಿಸದವರ ಎದುರು, ಕಳ್ಳನ ಹಾಗೆ.

ಕೊನೆಗೆ ಸಿಕ್ಕಿದ್ದು ಒಂದು ಟಿಕ್ ಗುರುತು.
ಹಾರ್ಡ್‌ವೇರ್ ಆಕ್ಸಿಲರೇಷನ್. ಗ್ರಾಫಿಕ್ಸ್ ಕಾರ್ಡು
ಎಲ್ಲ ತನಗೇ ಗೊತ್ತೆಂದು ಅವಸರದಲ್ಲಿ ಗಂಟು ಬಿಚ್ಚುತ್ತಿತ್ತು.
ತೆಗೆದೆ. ಮುದಿ ಪ್ರೊಸೆಸರು, ಫ್ಯಾನು ಗೊರಗೊರ ಎನ್ನುತ್ತ,
ಅಕ್ಷರ ಕೂಡಿಸಿ ಓದುವ ಮಗುವಿನಂತೆ ಶುರುಮಾಡಿತು:
ನೀಲಿ ಗೋಡೆ. ಮೇಜು. ಲೋಟ.
ಆಮೇಲೆ ಅವಳು. ಒದ್ದೆ ಕೂದಲು, ಎರಡೂ ಕೈ ಗಾಳಿಯಲ್ಲಿ.

ಇಂದ್ರಮ್ಮನ ಕೈಗಳೂ ಎದ್ದವು.
ಉತ್ತರವೋ ಜಗಳವೋ ನನಗೆ ತಿಳಿಯಲಿಲ್ಲ;
ನನಗೆ ಬಾರದ ಭಾಷೆ ಅಂಗಡಿ ತುಂಬಿಕೊಂಡು
ಆಧಾರ್ ಝೆರಾಕ್ಸಿಗೆ ಬಂದ ಹುಡುಗ ಹೊರಗೇ ನಿಂತ.

ಗುಂಡಿ ತಿರುಗಿಸಿದ್ದು ಅವರಿಗೆ ಕಂಡಿತ್ತು.
ಬಿಲ್ಲು ಮುಂದೆ ತಳ್ಳಿದರು: 'ಸೌಂಡಲ್ಲಿ ಏನಿದೆ?'
ಐದು ಸೆಕೆಂಡು ನಾನೂ ಬಫರಿಂಗ್.
'ರೈಲು' ಎಂದು ಬರೆದೆ.
ಈ ಊರಿನಲ್ಲಿ ಅದಕ್ಕಿಂತ ಸಲೀಸಾದ ಸುಳ್ಳಿಲ್ಲ.

ಆಗಲೇ ಬಂತು ನಿಜವಾದದ್ದು, ಉದ್ದದ ಗೂಡ್ಸು,
ಗಾಜಿನ ಕೌಂಟರು ಕಟಕಟ,
ನನ್ನ ಟೀ ಲೋಟದಲ್ಲಿ ಉಂಗುರದೊಳಗೆ ಉಂಗುರ.
ಅದು ದಾಟುವ ತನಕ ಅಂಗೈ ಊರಿ ನಿಂತರು.
ಆಮೇಲೆ ಪರದೆಯ ಮೇಲೆ ಬೆರಳಿಟ್ಟರು:
ತಂಗಿಯ ಮೊಣಕೈ ಪಕ್ಕ ತುಂಬಿದ ಲೋಟ.
ಮೊದಲಿಂದ ಕೊನೆತನಕ ಓಡಿಸಿ ತೋರಿಸಿದರು.
ನೀರು ಅಲುಗಿರಲಿಲ್ಲ.

ನಾನು ಮತ್ತೆ ಪೆನ್ನೆತ್ತಿದೆ. ಅದನ್ನು ಮೆಲ್ಲಗೆ ಇಸಕೊಂಡು
ಮುಚ್ಚಳ ಹಾಕಿ ನನ್ನ ಜೇಬಿಗೇ ಸಿಕ್ಕಿಸಿದರು.
ಅರವತ್ತು ಎಣಿಸಿಟ್ಟರು. ಹೇಳಿದ್ದು ಐವತ್ತು.
ಹತ್ತರ ನೋಟು ಹಿಡಿದು ಮೆಟ್ಟಿಲಿಳಿದು ಓಡಿ
ಅವರ ಬೆನ್ನ ಹಿಂದೆ 'ಅಮ್ಮಾ' ಎಂದು ಕೂಗಿದೆ,
ಮೂರು ಸಲ.