ಮುನ್ನೂರು ಗ್ರಾಂ

ಜಯನಗರದ ಅಂಗಡಿಯಲ್ಲಿ ಮುನೀರ್
ಜೋಡನ್ನು ಅಂಗೈಲಿಟ್ಟು ತೂಗಿದ:
"ಮುನ್ನೂರು ಗ್ರಾಂ ಸಾರ್, ಎರಡೂ ಸೇರಿ.
ಒಂದು ಸೌತೆಕಾಯಿ."
ಮಡಿಚಿದ. ಹೋಳಿಗೆಯಂತೆ ಮಡಿಚಿಕೊಂಡಿತು.

ಹಿಮ್ಮಡಿಗೆ ದಿಂಬಿಲ್ಲ.
ಬೆರಳುಗಳಿಗೆ ಮಾತ್ರ ಧಾರಾಳ ಜಾಗ,
ಈ ಊರಲ್ಲಿ ಬಾಡಿಗೆಗೆ ಸಿಗದಷ್ಟು.

ಭಾನುವಾರ, ತುರಹಳ್ಳಿ, ನಸುಕು.
ಮೊದಲ ಬಂಡೆಯೇ ಕೇಳಿತು, ಯಾರು?
ನೀಲಗಿರಿ ಕಾಯಿ, ಜಾಲಿ ಬೇರು,
ಯಾರದೋ ಬಾಟಲಿಯ ಮುಚ್ಚಳ—
ಪಾದ ಒಂದೊಂದನ್ನೇ ಓದಿತು,
ತಡವರಿಸಿ, ಒಂದನೇ ಕ್ಲಾಸಿನ ಹುಡುಗನಂತೆ.
ಮೀನಖಂಡ ಮೂರು ದಿನ ಬೈಯಿತು.

ಬನಶಂಕರಿ ಬಸ್‌ಸ್ಟ್ಯಾಂಡ್ ಪಕ್ಕ
ಚಪ್ಪಲಿ ಹೊಲಿಯುವ ಚೌಡಪ್ಪ
ಅಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದ, ಬೆಲೆ ಕೇಳಿದ.
"ಏಳು ಸಾವಿರ ಕೊಟ್ಟು
ಬರಿಗಾಲು ಕೊಂಡ್ರಾ?"

ಬಿಟ್ಟ ಅಂಚಿಗೆ ಎರಡು ಹೊಲಿಗೆ. ಇಪ್ಪತ್ತು ರೂಪಾಯಿ.
"ದಾರದ ತೂಕ ಜಾಸ್ತಿಯಾಯ್ತು, ನೋಡ್ಕಳಿ" ಎಂದ.