ಇನ್ನೂರು ಗ್ರಾಂ

ಆಕಿ ಹೆಸರು ಆನೆಕ.
ಹುಡುಗ್ರ ಬಾಯಾಗ ಮೊದಲ ದಿನಾನ ಆನೆಕ್ಕ ಆತು.
ಜ್ವಾಳದ ದಂಟಿನಂಗ ಇದ್ದಾಕಿ,
ಅರ್ಥ ತಿಳಿದ ಮ್ಯಾಲೆ ನಾಚಲಿಲ್ಲ,
ಕೈಯನ್ನ ಸೊಂಡಿಲು ಮಾಡಿ ಬೀಸಿದ್ಲು.

ಹಾಲೆಂಡಿನಾಕಿ. ಮುಂಡರಗಿ ಬಸ್ಸಿನಿಂದ ಇಳದಾಗ ಜೋಡಿ ಇದ್ದದ್ದು
ಕೂಸು ತೂಗೋ ಸ್ಪ್ರಿಂಗಿನ ತಕ್ಕಡಿ, ಎರಡು ಜೊತಿ ಬಟ್ಟಿ,
ಐದು ತಿಂಗಳ ವೀಸಾ.
ಕೂಸು ತೂಗೋದು, ಸಾಲ್ಯಾಗ ಇಂಗ್ಲಿಷ್ ಹೇಳೋದು,
ಕಪ್ಪತಗುಡ್ಡದಾಗ ಸಸಿ ಹಚ್ಚೋದು.
ಮೂರೂ ಕೆಲಸ ಒಂದು ಹಾಳ್ಯಾಗ ಬರಕೊಂಡು ಬಂದಿದ್ಲು.
ನಾನು ಅಂಗನವಾಡಿ ಸಹಾಯಕಿ ಹುಲಿಗೆವ್ವ,
ನನ್ನ ಕೆಲಸ ಎಷ್ಟಂತ ಯಾರೂ ಬರದಿಟ್ಟಿಲ್ಲ.

ತೊಲಿಗೆ ತಕ್ಕಡಿ ಕಟ್ಟಿದ್ವಿ.
ಬರೇ ಚೀಲ ಜೋತುಬಿಟ್ರೂ
ಮುಳ್ಳು ಇನ್ನೂರು ಗ್ರಾಂ ತೋರಸ್ತಿತ್ತು.
ವಿಮಾನದಾಗ ಯಾರೋ ಒಗದಿರಬೇಕು.
"ಇನ್ನೂರು ಕಳಿ, ಹುಲಿಗೆವ್ವಾ,
ಇಲ್ಲದ್ದು ಐತಿ ಅಂತ ಬರೀಬ್ಯಾಡ" ಅಂದ್ಲು.
ಕಳದ್ರ ಫಕ್ಕೀರವ್ವನ ಮಮ್ಮಗ
ಹಳದಿ ಗೆರಿಯಿಂದ ಕೆಂಪಿಗೆ ಇಳೀತಿದ್ದ.
"ಇರ್ಲಿ ಬಿಡ್ರಿ, ಇನ್ನೂರು ಗ್ರಾಂ ಏನ್ ಮಹಾ" ಅಂತ
ಆ ಮುದುಕಿ ಆಕಿ ಗಲ್ಲ ಹಿಡದು ಕೇಳಿದ್ಲು.
ಆನೆಕ್ಕ ಕೆಂಪು ಗೆರಿ ಮ್ಯಾಲೇ ಚುಕ್ಕಿ ಇಟ್ಲು,
ಮರುದಿನದಿಂದ ಆ ಕೂಸಿಗೆ ಎರಡು ತತ್ತಿ.

ಗುಡ್ಡದ ಗಾಳಿಯಂತ್ರ ನೋಡಿದ್ರ ಆಕಿಗೆ ಊರು ನೆನಪು.
"ನಮ್ಮಲ್ಲೂ ಇತ್ತು, ಮುತ್ತಜ್ಜ ಹಿಟ್ಟು ಬೀಸ್ತಿದ್ದ" ಅಂತಿದ್ಲು.
ಇವು ಏನೂ ಬೀಸಂಗಿಲ್ಲ,
ಇವುಗಳ ಕರೆಂಟು ಯಾವೂರಿಗೋ ಹೋಗ್ತದ,
ನಮ್ಮ ಅಂಗನವಾಡ್ಯಾಗ ಫ್ಯಾನು ನಿಂತ ಆರು ತಿಂಗಳಾತು.

ಸಸಿ ನಲವತ್ತು ಹಚ್ಚಿದ್ಲು.
ಹದಿನೈದು ದಿನಕ್ಕ ಮೋಟು ಉಳದ್ವು.
ಕುರುಬರ ಮಾಳಿಂಗನ್ನ ಹಾದ್ಯಾಗ ನಿಂದ್ರಿಸಿ
ತನ್ನ ಕನ್ನಡದಾಗ ಕೇಳಿದ್ಲು:
"ಆಡು ಇಲ್ಲಿ ಯಾಕೆ ಬರ್ತಾನೆ?"
ಮಾಳಿಂಗ ರುಮಾಲು ಸರಿ ಮಾಡ್ಕೊಂಡು ಅಂದ,
"ಅವನಿಗೆ ಹಸಿವ್ರಿ. ಅವರಪ್ಪನೂ ಇಲ್ಲೇ ಬರ್ತಿದ್ದ.
ಹಚ್ಚೂ ಮುಂದ ನನ್ನ ಕೇಳಿದ್ರ
ಆಡು ಹತ್ತಲಾರದ ಜಾಗಾ ತೋರಸ್ತಿದ್ದೆ."
ಕೇಳೋ ಕೆಲಸ ಹಾಳ್ಯಾಗ ಬರದಿರಲಿಲ್ಲ.

ಮೂರನೇ ತಿಂಗಳು ಮಲಗಿಬಿಟ್ಲು.
ಹೊಟ್ಟಿ ನಿಲ್ಲವಲ್ದು, ಮೈ ಕಾದ ಹಂಚು.
ಆಸ್ಪತ್ರಿಗೆ ಹೋಗಿ ಬಂದ ಮ್ಯಾಲೆ ಎಂಟು ದಿನ ನನ್ನ ಮನ್ಯಾಗ,
ನುಚ್ಚಿನ ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗಿ.
ಎದ್ದ ದಿನ ರೇಷನ್ ಅಂಗಡಿಗೆ ಕರಕೊಂಡು ಹೋಗಿ
ಅಕ್ಕಿ ಚೀಲದ ಕಾಟಾದ ಮ್ಯಾಲೆ ಕುಂದ್ರಿಸಿದೆ. ನಲವತ್ತಾರು.
ಚಾಷ್ಟಿಗೆ ಅಂದೆ, "ಆನೆಕ್ಕಾ, ನಿಂದೂ ಕೆಂಪು ಗೆರಿ."
ಆಕಿ ನಗಲಿಲ್ಲ.
ಹಾದ್ಯಾಗ ಬರ್ತಾ ಮೊದಲ ಸಲ ಕೇಳಿದ್ಲು:
"ನಿನ್ನ ಮಕ್ಕಳು ಎಷ್ಟು?"
ಹೇಳಿದೆ. ಎರಡು ಅದಾವ.
ಒಂದು ತೂಗೂ ಮೊದಲ ಹೋತು.
ಆಕಿ ಏನೂ ಬರಕೊಳ್ಳಲಿಲ್ಲ. ಮನಿ ಮುಟ್ಟೂ ತನಕ
ನನ್ನ ಸೆರಗಿನ ತುದಿ ಹಿಡಕೊಂಡಿದ್ಲು, ಸಣ್ಣ ಕೂಸಿನಂಗ.

ವೀಸಾ ಮುಗೀತು.
ಹುಡುಗ್ರು ಕಲತ ಇಂಗ್ಲಿಷ್ನ್ಯಾಗ
"ಗುಡ್ ಮಾರ್ನಿಂಗ್ ಆನೆ" ಒಂದು ಗಟ್ಟಿ ಉಳದೈತಿ.

ಹೋದ ವರ್ಷ ಫೋನಿಗೆ ಆಕಿ ದನಿ ಬಂತು.
ಈಗ ಅಲ್ಲಿ ಮುದುಕರ ದವಾಖಾನ್ಯಾಗ ಅದಾಳಂತ,
ಅವರನ್ನೂ ವಾರಕ್ಕೊಮ್ಮೆ ತೂಗ್ತಾರಂತ.
"ಸಸಿ ಎಷ್ಟು ಉಳದಾವ?"
ಹತ್ತು ಅಂದಿದ್ರ ಯಾರು ಗುಡ್ಡ ಹತ್ತಿ ನೋಡ್ತಿದ್ರು?
ನಾ ಹತ್ತಿದೆ.
ಮೂರು.
ಒಂದನ್ನ ಆಡು ಎರಡು ಸಲ ತಿಂದೈತಿ, ಮತ್ತ ಚಿಗತೈತಿ,
ಸುತ್ತ ಮಾಳಿಂಗ ಮುಳ್ಳು ಒಟ್ಟ್ಯಾನ.
ಮೂರು ಅಂತಾನ ಹೇಳಿದೆ.

ತಾಲೂಕಿನಿಂದ ಹೊಸ ತಕ್ಕಡಿ ಬಂದೈತಿ.
ಕೆಂಪು ಅಂಕಿ ಮಿನುಗ್ತಾವ, ಸೊನ್ನಿಯಿಂದ ಸುರು,
ಕಳಿಯೂದು ಏನೂ ಇಲ್ಲ.
ಆದ್ರೂ ಕೂಸು ಇಟ್ಟ ಕೂಡಲೆ
ಬಾಯಿ ತಾನಾಗಿ ಅಂತೈತಿ: "ಇನ್ನೂರು ಕಳೀರಿ."
ಹೊಸ ಟೀಚರಮ್ಮ ಪೆನ್ನು ಹಿಡದು
ನನ್ನ ಮಾರಿ ನೋಡ್ತಾಳ.